ಹೊಸ ಫೋನಿನ ಸ್ಪೀಕರ್ ಗರಗರ ಅನ್ನುತ್ತಿದೆ, ಬದಲಿಸಿಕೊಡಿ ಅನ್ನಬೇಕೆ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಹೊಸ ಫೋನ್ ತರಿಸಿ ನಾಲ್ಕು ದಿನ ಆಯ್ತು. ಹಾಡು ಹಾಕಿ ಸೌಂಡ್ ಅರ್ಧಕ್ಕಿಂತ ಜಾಸ್ತಿ ಮಾಡಿದರೆ ಗರಗರ ಅನ್ನುತ್ತದೆ. ಕಿವಿಗಿಟ್ಟು ಮಾತಾಡುವಾಗ ಏನೂ ತೊಂದರೆ ಇಲ್ಲ. ‘ಹೊಸದು, ಬಳಸ್ತಾ ಬಳಸ್ತಾ ಸೆಟ್ ಆಗುತ್ತೆ’ ಅಂತ ಮೊಬೈಲ್ ಅಂಗಡಿಯವರು ಹೇಳಿದರು. ಸ್ಪೀಕರ್ ಕ್ಲೀನ್ ಮಾಡುವ ಯೂಟ್ಯೂಬ್ ವಿಡಿಯೊ ಹಾಕು ಅಂತ ತಮ್ಮ ಹೇಳುತ್ತಾನೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಸೆಟ್ ಆಗುವುದಿಲ್ಲ. ‘ಸೆಟ್ ಆಗುತ್ತೆ’ ಅನ್ನುವ ಮಾತು ನಂಬಿ ಕೂತರೆ ಆಗುವುದು ಒಂದೇ, ಬದಲಿಸಿಕೊಡುವ ಅವಧಿ ಮುಗಿದುಹೋಗುತ್ತದೆ. ಎಷ್ಟೋ ಆನ್‌ಲೈನ್ ಮಾರಾಟಗಾರರಲ್ಲಿ ಅದು ಬರೀ 7 ದಿನ. ನಿಮ್ಮ ಆರ್ಡರ್ ಪುಟ ತೆಗೆದು ಕೊನೆಯ ದಿನ ಯಾವುದು ಅಂತ ಈಗಲೇ ನೋಡಿಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ನೋಡಿದಿರಾ? ಈಗ ತಪ್ಪು ನಿಜಕ್ಕೂ ಸ್ಪೀಕರಿನದ್ದೇ ಅಂತ ಖಚಿತ ಮಾಡಿಕೊಳ್ಳೋಣ. ಗರಗರ ಅಂದ ಅದೇ ಹಾಡನ್ನು ಇಯರ್‌ಫೋನ್‌ನಲ್ಲಿ ಕೇಳಿ. ಅಲ್ಲೂ ಗರಗರ ಇದ್ದರೆ ಹೆಚ್ಚಾಗಿ ಫೈಲೇ ಕೆಟ್ಟದ್ದು. ವಾಟ್ಸ್ಆ್ಯಪ್‌ನಲ್ಲಿ ಬರುವ ಎಷ್ಟೋ ಹಾಡುಗಳ ಹಣೆಬರಹವೇ ಅಷ್ಟು. ಇಯರ್‌ಫೋನ್‌ನಲ್ಲಿ ಚೆನ್ನಾಗಿ ಕೇಳಿಸಿತು ಅಂದರೆ ಮುಂದಕ್ಕೆ ಹೋಗಿ.

ಕವರ್ ಬಿಚ್ಚಿ. ಸ್ಕ್ರೀನ್ ಗಾರ್ಡ್ ಅಂಚು ಕಿವಿಗಿಡುವ ಕಡೆಯ ಕಿರು ರಂಧ್ರವನ್ನು ಮುಚ್ಚಿದೆಯಾ ನೋಡಿ. ಪೆಟ್ಟಿಗೆಯಿಂದ ಬಂದ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿದ್ದರೆ ಕಿತ್ತುಹಾಕಿ. ಸ್ಟೀರಿಯೊ ಅನ್ನುವ ಫೋನುಗಳಲ್ಲಿ ಹೆಚ್ಚಿನವು ಕಿವಿಯ ಹತ್ತಿರದ ಸ್ಪೀಕರನ್ನೇ ಎರಡನೇ ಸ್ಪೀಕರಾಗಿ ಬಳಸುತ್ತವೆ. ಹಾಗಾಗಿ ಹಾಡು ಕೇಳುವಾಗ ಸದ್ದು ಎರಡೂ ಕಡೆಯಿಂದ ಬರುತ್ತಿರುತ್ತದೆ. ಹಾಡು ಓಡುತ್ತಿರುವಾಗಲೇ ಕೆಳಗಿನ ಜಾಲರಿಗೆ ಬೆರಳು ಒತ್ತಿ ಹಿಡಿಯಿರಿ, ಆಮೇಲೆ ಮೇಲಿನದಕ್ಕೆ. ಯಾವುದನ್ನು ಮುಚ್ಚಿದಾಗ ಗರಗರ ಅಡಗುತ್ತದೋ ಕಳ್ಳ ಅಲ್ಲೇ ಇದ್ದಾನೆ. ನಿಮಗೆ ಕರೆಯಲ್ಲಿ ತೊಂದರೆ ಇಲ್ಲದ್ದರಿಂದ ಕೆಳಗಿನದೇ ಇರಬಹುದು ಅಂತ ನನ್ನ ಅಂದಾಜು. ಆದರೆ ಕರೆಯಲ್ಲಿ ಮೇಲಿನ ಸ್ಪೀಕರಿಗೆ ಕೆಲಸ ಕಡಿಮೆ, ಹಾಡಿನಷ್ಟು ಜೋರಾಗಿ ಅದು ಅದುರುವುದಿಲ್ಲ. ಅದಕ್ಕೇ ಎರಡನ್ನೂ ನೋಡಿ.

ನನಗೆ ಬಹಳ ಇಷ್ಟದ ಪರೀಕ್ಷೆ ಇನ್ನೊಂದಿದೆ. ಯೂಟ್ಯೂಬ್‌ನಲ್ಲಿ ‘ಸೈನ್ ಸ್ವೀಪ್’ ಅಂತ ಹುಡುಕಿ. ಒಂದೇ ಸ್ವರ ತಗ್ಗಿನಿಂದ ಶುರುವಾಗಿ ನಿಧಾನವಾಗಿ ಮೇಲಕ್ಕೆ ಏರುತ್ತಾ ಹೋಗುತ್ತದೆ. ಸದ್ದಿಲ್ಲದ ಕೋಣೆಯಲ್ಲಿ, ಸೌಂಡ್ 60-70 ಶೇಕಡಾ ಇಟ್ಟು ಕೇಳಿ. ಶುರುವಿನಲ್ಲಿ ಏನೂ ಕೇಳಿಸದಿದ್ದರೆ ಗಾಬರಿ ಬೇಡ, ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತು ಫೋನ್ ಸ್ಪೀಕರಿಗೆ ಇಲ್ಲ. ನೀವು ಗಮನಿಸಬೇಕಾದ್ದು ಗರಗರ ಎಲ್ಲಿ ಬರುತ್ತದೆ ಅನ್ನುವುದನ್ನು. ಎರಡು-ಮೂರು ಸಲ ಹಾಕಿದಾಗಲೂ ಅದೇ ಜಾಗದಲ್ಲಿ, ಉದಾಹರಣೆಗೆ 400 ಹರ್ಟ್ಸ್ (ಸ್ವರ ಎಷ್ಟು ಎತ್ತರದ್ದು ಅನ್ನುವ ಅಳತೆ) ಆಸುಪಾಸಿನಲ್ಲೇ ಬಂದರೆ, ಏನೋ ಸಡಿಲವಾಗಿದೆ ಅಂತ ಅರ್ಥ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಶೆಲ್ಫಿನ ಸ್ಟೀಲ್ ತಟ್ಟೆ ಗಡಗಡ ಅನ್ನುತ್ತಲ್ಲ, ಹಾಗೆ. ಆಗ ಫೋನಿನ ಬೆನ್ನನ್ನು ಅಂಗೈಯಿಂದ ಒತ್ತಿ ಹಿಡಿದು ಗರಗರ ನಿಲ್ಲುತ್ತದಾ ಕೇಳಿ. ಸಿಮ್ ಟ್ರೇಯನ್ನೂ ಉಗುರಿನಿಂದ ಒತ್ತಿ ನೋಡಿ, ಎಷ್ಟೋ ಸಲ ಅದೇ ಅಲ್ಲಾಡುತ್ತಿರುತ್ತದೆ! ಸರಿಯಾಗಿ ಒಳಗೆ ತಳ್ಳಿದರೆ ಸಾಕು. ಎಲ್ಲಿ ಒತ್ತಿದರೂ ಬದಲಾಗದಿದ್ದರೆ ಸ್ಪೀಕರಿನೊಳಗೆ ಅದುರಿ ಸದ್ದು ಹೊರಡಿಸುವ ಪೊರೆಯದ್ದೇ ದೋಷ ಇರಬಹುದು. ಹಾಂ, ಬೆನ್ನು ಕೈಗೆ ಝುಂ ಅಂತ ಅದುರುವುದು ದೋಷ ಅಲ್ಲ. ಒಳಗಿನ ಗಾಳಿಯ ಒತ್ತಡಕ್ಕೆ ತೆಳು ಫೋನುಗಳೆಲ್ಲ ಹಾಗೆ ಅದುರುತ್ತವೆ.

ಗರಗರ ಹೊತ್ತಿಲ್ಲ ಗೊತ್ತಿಲ್ಲ ಅನ್ನುವ ಹಾಗೆ ಎಲ್ಲೆಲ್ಲೋ ಬಂದರೆ ಸಾಫ್ಟ್‌ವೇರ್ ಮೇಲೂ ಅನುಮಾನ ಪಡಬೇಕು. ಇದು ದೊಡ್ಡ ಕಂಪನಿಗಳಿಗೂ ಆಗಿದೆ. 2017ರಲ್ಲಿ ಐಫೋನ್ 8 ಬಂದ ಹೊಸದರಲ್ಲಿ ಕೆಲವರಿಗೆ ಕರೆಯಲ್ಲಿ ಚರಚರ ಸದ್ದು ಬರುತ್ತಿತ್ತು. ಆ್ಯಪಲ್ ಅದನ್ನು ಐಒಎಸ್ 11.0.2 ಅಪ್‌ಡೇಟ್ ಕೊಟ್ಟು ಸರಿಮಾಡಿತು. ಅದೇ ವರ್ಷ ಗೂಗಲ್‌ನ ಪಿಕ್ಸೆಲ್ 2 ಫೋನಿನಲ್ಲಿ ಟಿಕ್ ಟಿಕ್ ಸದ್ದು. ಅಪ್‌ಡೇಟ್ ಬರುವ ತನಕ ಎನ್‌ಎಫ್‌ಸಿ (ಫೋನ್ ಹತ್ತಿರ ಹಿಡಿದು ಹಣ ಕಟ್ಟುವಂಥ ಕೆಲಸಕ್ಕೆ ಬೇಕಾದ ಸಂಪರ್ಕ) ಆಫ್ ಮಾಡಿ ಅಂತ ಗೂಗಲ್ ಹೇಳಿತ್ತು. ಸ್ಪೀಕರಿಗೂ ಎನ್‌ಎಫ್‌ಸಿಗೂ ಏನು ಸಂಬಂಧ ಅಂತ ಯಾರಿಗೆ ಹೊಳೆಯಬೇಕು, ಅಲ್ವಾ? ಆದ್ದರಿಂದ ಬಾಕಿ ಇರುವ ಅಪ್‌ಡೇಟ್ ಹಾಕಿ. ಈಕ್ವಲೈಜರ್, ಡಾಲ್ಬಿ, ಬಾಸ್ ಬೂಸ್ಟ್ ಅಂತ ಸದ್ದು ತಿದ್ದುವ ಸೆಟ್ಟಿಂಗ್ ಎಲ್ಲ ಆಫ್ ಮಾಡಿ. ‘ವಾಲ್ಯೂಮ್ ಬೂಸ್ಟರ್’ ಆ್ಯಪ್ ಹಾಕಿಕೊಂಡಿದ್ದರೆ ತೆಗೆದುಹಾಕಿ.

ತಮ್ಮ ಹೇಳಿದ ವಿಡಿಯೊ? ಬೇಡ. ತಗ್ಗಿನ ಸ್ವರ ಜೋರಾಗಿ ಬಾರಿಸಿ ಜಾಲರಿಯಲ್ಲಿ ನಿಂತ ನೀರಿನ ಹನಿಯನ್ನು ಹೊರಗೆ ಚಿಮ್ಮಿಸುವುದು ಅದರ ಉಪಾಯ. ಮಳೆಯಲ್ಲಿ ನೆನೆದ ಫೋನಿಗೆ ಸ್ವಲ್ಪ ಉಪಯೋಗ ಆಗಬಹುದು. ನಾಲ್ಕು ದಿನದ ಒಣ ಫೋನಿಗೆ ಏನೂ ಆಗದು, ಸುಮ್ನೆ ಇದ್ದ ಪೊರೆಯನ್ನೂ ಇನ್ನಷ್ಟು ಎಳೆದಾಡಿದ ಹಾಗೆ. ಪಿನ್, ಸೂಜಿ, ಪೆಟ್ರೋಲ್ ಯಾವುದನ್ನೂ ಹತ್ತಿರ ತರಬೇಡಿ. ಲೇತ್, ವೆಲ್ಡಿಂಗ್ ಕೆಲಸದ ಜಾಗಕ್ಕೆ ಫೋನ್ ಒಯ್ಯುತ್ತೀರಾದರೆ ಮಾತ್ರ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಸ್ಪೀಕರಿನ ಒಳಗೆ ಅಯಸ್ಕಾಂತ ಇರುತ್ತದೆ, ಕಬ್ಬಿಣದ ಪುಡಿ ಹೋಗಿ ಅಲ್ಲೇ ಅಂಟುತ್ತದೆ. ಒಣ ಮೆತ್ತನೆ ಬ್ರಷ್‌ನಿಂದ ಒರೆಸಿ.

ಇಷ್ಟಾದರೂ ಗರಗರ ನಿಲ್ಲದಿದ್ದರೆ ಬದಲಿಸಿಕೊಡಿ ಅಂತ ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ಬೇರೆ ಫೋನಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಮೊದಲು *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ತೋರಿಸಿ, ಆಮೇಲೆ ಸೌಂಡ್ ಎಷ್ಟಿದೆ ಅಂತ ಪರದೆಯಲ್ಲಿ ಕಾಣುವ ಹಾಗೆ ಹಾಡು ಹಾಕಿ. ಸರ್ವಿಸ್ ಸೆಂಟರಿಗೆ ಹೋಗಬೇಕಾಗಿ ಬಂದರೆ ಜಾಬ್ ಶೀಟ್‌ನಲ್ಲಿ (ಫೋನ್ ತೆಗೆದುಕೊಳ್ಳುವಾಗ ದೂರು ಬರೆಯುವ ಚೀಟಿ) ಏನು ಬರೆಯುತ್ತಾರೆ ಅಂತ ಓದಿ. ‘ಸೌಂಡ್ ಪ್ರಾಬ್ಲಮ್’ ಅಂತ ಎರಡೇ ಪದ ಗೀಚಿದರೆ ಒಪ್ಪಬೇಡಿ. ‘ಸೌಂಡ್ ಅರ್ಧ ದಾಟಿದ ಮೇಲೆ ಕೆಳಗಿನ ಸ್ಪೀಕರ್ ಗರಗರ’ ಅಂತ ಬರೆಸಿ. ಇಲ್ಲದಿದ್ದರೆ ಅವರು ಸಣ್ಣ ಸದ್ದಿನಲ್ಲಿ ಕೇಳಿ ‘ಏನೂ ದೋಷ ಇಲ್ಲ’ ಅಂತ ವಾಪಸ್ ಕೊಡುವ ಸಂಭವ ಇದೆ. ಪಕ್ಕದ ಅಂಗಡಿಯಲ್ಲಿ ಬಿಚ್ಚಿಸಬೇಡಿ, ವಾರಂಟಿ ಕೈತಪ್ಪಬಹುದು. ಮಾರಾಟಗಾರರೂ ಕಂಪನಿಯೂ ಕೈ ತೊಳೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ.

ಪ್ರಶ್ನೆ: ಹೊಸ ಫೋನನ್ನು ಅಲುಗಾಡಿಸಿದರೆ ಒಳಗೆ ಟಕ್ ಟಕ್ ಅನ್ನುತ್ತದೆ. ಸ್ಪೀಕರ್ ಕಳಚಿಕೊಂಡಿದೆಯಾ?
— ಓದುಗರು, ಶಿರಸಿ

ಉತ್ತರ: ಕ್ಯಾಮೆರಾ ತೆರೆದಿಟ್ಟು ಇನ್ನೊಮ್ಮೆ ಅಲುಗಾಡಿಸಿ. ಸದ್ದು ನಿಂತರೆ ಅದು ಓಐಎಸ್, ಅಂದರೆ ಕೈ ನಡುಗಿದರೂ ಚಿತ್ರ ಮಸುಕಾಗದಂತೆ ನೋಡಿಕೊಳ್ಳುವ ತೇಲುವ ಲೆನ್ಸ್. ಕ್ಯಾಮೆರಾ ಆಫ್ ಇದ್ದಾಗ ಅದು ಅಲ್ಲಾಡುತ್ತದೆ. ದೋಷ ಅಲ್ಲ.

ಪ್ರಶ್ನೆ: ಕಾರಿನಲ್ಲಿ ಫೋನ್ ಚಾರ್ಜಿಗೆ ಹಾಕಿ ಆಕ್ಸ್ ವಯರ್‌ನಲ್ಲಿ ಹಾಡು ಕೇಳಿದರೆ ಸುಂಯ್ ಅನ್ನುತ್ತದೆ. ಆ್ಯಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತದೆ.
— ಓದುಗರು, ಹುಬ್ಬಳ್ಳಿ

ಉತ್ತರ: ಅದು ಫೋನಿನ ಸದ್ದಲ್ಲ, ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಸದ್ದು. ಚಾರ್ಜರ್ ಮತ್ತು ಆಕ್ಸ್ ಎರಡೂ ಕಾರಿನ ಒಂದೇ ಗ್ರೌಂಡಿಗೆ (ಕರೆಂಟು ವಾಪಸ್ ಹೋಗುವ ದಾರಿ) ಸೇರಿ ಸುತ್ತು ಹಾಕಿಕೊಳ್ಳುತ್ತವೆ, ಆಲ್ಟರ್ನೇಟರ್ ಗಲಾಟೆ ಆ ದಾರಿಯಲ್ಲಿ ನುಗ್ಗುತ್ತದೆ. ಚಾರ್ಜರ್ ಕಿತ್ತ ಕೂಡಲೇ ನಿಲ್ಲುತ್ತದೆ, ನೋಡಿ. ಬ್ಲೂಟೂತ್‌ನಲ್ಲಿ ಕೇಳಿ, ಅದಿಲ್ಲದ ಕಾರಾದರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಅನ್ನುವ ಪುಟ್ಟ ಡಬ್ಬಿಯನ್ನು ಆಕ್ಸ್ ವಯರ್ ಮಧ್ಯೆ ಸೇರಿಸಿ.