‘ಎಲ್ಲರ ಹತ್ರ ಓಡುತ್ತೆ, ನನ್ನ ಹತ್ರ ಮಾತ್ರ ಓಡಲ್ಲ’

ಬಳ್ಳಾರಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಹುಡುಗ ಹುಡುಗಿಯರು ಈಚೆಗೆ ನನ್ನ ಹತ್ರ ಆಪ್ತಸಲಹೆಗೆ ಜಾಸ್ತಿ ಬರುತ್ತಿದ್ದಾರೆ. ನಿದ್ದೆ ಇಲ್ಲ, ಊಟ ಸೇರಲ್ಲ ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಸಿಗುವುದು ಒಂದೇ: ಕೆಲಸಕ್ಕೆ ಸೇರಿ ವಾರಗಳಾದರೂ ಲ್ಯಾಪ್‌ಟಾಪ್‌ನಲ್ಲಿ ‘ಸೆಟಪ್’, ಅಂದರೆ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ಜೋಡಣೆ, ಆಗಿಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಅಂಥ ಒಬ್ಬನ ವಿಷಯ ಇದು. ಅವನ ಒಪ್ಪಿಗೆ ಇದೆ, ಗುರುತು ಬದಲಿಸಿದ್ದೇನೆ.

ಮೊದಲ ಕೆಲಸ. ಮನೆಯಲ್ಲಿ ಜೀನ್ಸ್ ಹೊಲಿಗೆಯ ಸಣ್ಣ ಯೂನಿಟ್. ಕರೆದುಕೊಂಡು ಬಂದವರು ತಾಯಿ. ಸಾಯುವ ಯೋಚನೆ ಬರುತ್ತಾ ಅಂತ ಮೊದಲೇ ನೇರವಾಗಿ ಕೇಳಿದೆ, ಇಲ್ಲ ಅಂದ. ಹೌದು ಅಂದಿದ್ದರೆ ದಾರಿಯೇ ಬೇರೆ: ಅದೇ ದಿನ ಮನೋವೈದ್ಯರು, ಹೊತ್ತಲ್ಲದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416.

ಮುಂದಿನ ಸಲ ಲ್ಯಾಪ್‌ಟಾಪ್ ತರಲು ಹೇಳಿದ್ದೆ. ಸೆಟಪ್ ಎಲ್ಲಾ ಕಂಟೇನರ್‌ನಲ್ಲಿದೆ, ಅದೇ ಓಡ್ತಿಲ್ಲ ಅಂದ. ಕಂಟೇನರ್ ಅಂದರೆ ಏನು, ನನಗೆ ತಿಳಿಯೋ ಹಾಗೆ ಹೇಳು ಅಂದೆ. ಆಗ ತಲೆ ಎತ್ತಿದ.

“ನಮ್ಮನೆಗೆ ಜಾಬ್‌ವರ್ಕ್ ಬರುತ್ತಲ್ಲ ಮೇಡಂ, ಹಾಗೇ. ಕಟ್ ಮಾಡಿದ ಬಟ್ಟೆ, ದಾರ, ಜಿಪ್, ಲೇಬಲ್ ಎಲ್ಲಾ ಒಂದೇ ಬಂಡಲ್. ಯಾರ ಮನೇಲಿ ಬಿಚ್ಚಿದ್ರೂ ಅದೇ ಪ್ಯಾಂಟ್ ಬರಬೇಕು. ಇಲ್ಲೂ ಭಾಷೆಯ ವರ್ಷನ್, ಲೈಬ್ರರಿ, ಡೇಟಾಬೇಸ್ ಎಲ್ಲಾ ಕಟ್ಟಿ ಕೊಟ್ಟಿರ್ತಾರೆ. ಒಂದು ಕಮಾಂಡ್ ಹೊಡೆದ್ರೆ ಏಳಬೇಕು.” ಆಮೇಲೆ ದನಿ ಇಳಿಸಿದ. “ಎಲ್ಲಾ ಕಟ್ಟಿ ಕೊಟ್ಟ ಮೇಲೂ ನನ್ನ ಹತ್ರ ಓಡಲ್ಲ ಅಂದ್ರೆ ಕೊರತೆ ನನ್ನಲ್ಲೇ ಅಲ್ವಾ?”

ಈ ಮಾತು ನನ್ನನ್ನು ಬಹಳ ಕಾಡಿತು. ಒಂದೊಂದನ್ನೂ ಕೈಯಾರೆ ಇನ್‌ಸ್ಟಾಲ್ ಮಾಡುವ ಕಾಲದಲ್ಲಿ ಅದು ಎಲ್ಲರಿಗೂ ಕೈಕೊಡುತ್ತಿತ್ತು, ಎಲ್ಲರೂ ಸೇರಿ ಬೈಯುತ್ತಿದ್ದರು. 2013ರಲ್ಲಿ ಇಂಥ ಕಂಟೇನರ್ ಕಟ್ಟಿ ಓಡಿಸುವ ಡಾಕರ್ ಅನ್ನುವ ಸಾಫ್ಟ್‌ವೇರ್ ಬಂದ ಮೇಲೆ ಆ ರಗಳೆ ಬಹಳ ಮಟ್ಟಿಗೆ ತಗ್ಗಿದ್ದು ನಿಜ. ಆದರೆ ಎಲ್ಲಿ ಬೇಕಾದರೂ ಓಡುತ್ತೆ ಅಂತ ಹೇಳಿಕೊಟ್ಟದ್ದು ಓಡದಿದ್ದರೆ ಹೊಸಬ ಬೈದುಕೊಳ್ಳುವುದು ತನ್ನನ್ನೇ.

ಪರದೆ ಮೇಲಿದ್ದ ಎರರ್‌ನ ಕೊನೇ ಸಾಲು ಓದು ಅಂದೆ. 137 ಅಂತಿತ್ತು. ಅವನೇ ಬಿಡಿಸಿ ಹೇಳಿದ. 128ಕ್ಕೆ 9 ಕೂಡಿಸಿದ ಲೆಕ್ಕವಂತೆ; 9 ಅಂದರೆ ಬಲವಂತವಾಗಿ ನಿಲ್ಲಿಸಿದ್ದು, ಹೆಚ್ಚಾಗಿ ಮೆಮೊರಿ ಸಾಲದೆ. ಲ್ಯಾಪ್‌ಟಾಪ್ 8 ಜಿಬಿಯದು. ಅವನ ವಿಂಡೋಸ್‌ನಲ್ಲಿ ಡಾಕರ್ ಓಡುವುದು ಡಬ್ಲ್ಯುಎಸ್‌ಎಲ್ ಅನ್ನುವ ಒಳಗಿನ ಲಿನಕ್ಸ್ ಮೇಲೆ. ನಾವು ಸೆಟಿಂಗ್ ಬದಲಿಸದಿದ್ದರೆ ಅದಕ್ಕೆ ಸಿಗುವುದು ಹೆಚ್ಚೆಂದರೆ ಅರ್ಧ ಮೆಮೊರಿ. ಆ 4 ಜಿಬಿಯಲ್ಲೇ ಡೇಟಾಬೇಸ್, ಸರ್ಚ್ ಸರ್ವರ್, ಆ್ಯಪ್ ಮೂರೂ ಏಳಬೇಕು. ಇಷ್ಟೆಲ್ಲಾ ಗೊತ್ತಿದ್ದೂ ಹುಡುಗ ತಾನು ದಡ್ಡ ಅಂತ ಕೂತಿದ್ದ!

“ಬಂಡಲ್ ಸರಿಯಾಗೇ ಬಂತು, ಕರೆಂಟ್ ಇಲ್ಲ. ಅಪ್ಪ ಏನು ಮಾಡ್ತಾರೆ?”

“ಕೊಟ್ಟೋರಿಗೆ ಫೋನ್ ಹಚ್ಚಿ ಹೇಳ್ತಾರೆ, ಇವತ್ತು ಆಗಲ್ಲ ಅಂತ.”

“ಅಳ್ತಾರಾ?”

ನಕ್ಕುಬಿಟ್ಟ.

ಅಲ್ಲೇ ಟೀಮ್ ಲೀಡ್‌ಗೆ ಬರೆಸಿದೆ. ‘ಸಾರಿ’ ಅಂತ ಶುರು ಮಾಡಿದ್ದ, ಅಳಿಸು ಅಂದೆ. ಮೆಮೊರಿ ಎಷ್ಟಿದೆ, ಯಾವ ಕಂಟೇನರ್ ನಿಂತಿತು, ಎರರ್ ಸಾಲು ಇದ್ದ ಹಾಗೇ, ಇಷ್ಟು ಸಾಕು. ಇನ್ನು ಮೇಲೆ ಒಂದೇ ಎರರ್ ಜೊತೆ ಒಂದು ಗಂಟೆಗಿಂತ ಜಾಸ್ತಿ ಒಬ್ಬನೇ ಕೂರಬಾರದು, ರಾತ್ರಿ ಹತ್ತರ ಮೇಲೆ ಸೆಟಪ್ ಮುಟ್ಟಬಾರದು ಅಂತಲೂ ಹೇಳಿದೆ.

ಇದು ಆಪ್ತಸಲಹೆಯಾ, ಕಂಪ್ಯೂಟರ್ ರಿಪೇರಿಯಾ ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ಕೀಳರಿಮೆಯ ಬಗ್ಗೆ ಮಾತಾಡಬೇಕಿತ್ತಂತೆ. ಮಾತಾಡಿದ್ದು ಅದರ ಬಗ್ಗೆಯೇ. ಆದರೆ ಅದು ಸುಮ್ನೆ ಗಾಳಿಯಲ್ಲಿ ಇರುವುದಿಲ್ಲ, ಇವನಿಗೆ 137ರಲ್ಲಿ ಕೂತಿತ್ತು. ಆ ಸಾಲನ್ನು ಬಿಟ್ಟು ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರೆ, ಮನೆಗೆ ಹೋಗಿ ಮತ್ತೆ ಅದರ ಮುಂದೆಯೇ ಒಬ್ಬನೇ ಕೂರುತ್ತಿದ್ದ. ಕೆಲಸ ಬಿಡಿಸಿ ಸರ್ಕಾರಿ ಪರೀಕ್ಷೆಗೆ ಕೂರಿಸೋಣ ಅಂತ ಮನೆಯವರು ಹೊರಟಿದ್ದಕ್ಕೂ ಬೇಡ ಅಂದೆ. ಸೋತೆ ಅನ್ನುವ ಲೆಕ್ಕ ಇಟ್ಟುಕೊಂಡು ಹೋದರೆ ಅಲ್ಲೂ ಅದೇ ಕಥೆ.

ಲೀಡ್ ಉತ್ತರ ಸಂಜೆಗೆ ಬಂತು: ಸರ್ಚ್ ಸರ್ವರ್ ನಿನ್ನ ಮಷಿನ್‌ನಲ್ಲಿ ಎಬ್ಬಿಸಬೇಡ, ಎಲ್ಲರಿಗೂ ಇಟ್ಟಿರುವ ಸರ್ವರ್ ಬಳಸು, ಹಾಗೇ ಈ ವಿಷಯ ಸೆಟಪ್ ಪುಟದಲ್ಲಿ ಬರೆದುಬಿಡು. ಬರೆದ. ಊಟ, ನಿದ್ದೆ ಸುಧಾರಿಸಿದೆ. ಬೆಳಗಿನ ಕಾಲ್‌ನಲ್ಲಿ ಇಂಗ್ಲಿಷ್ ಮಾತಾಡುವ ಭಯ ಮಾತ್ರ ಹೋಗಿಲ್ಲ, ಈಗ ಅದರ ಮೇಲೆ ಕೆಲಸ ನಡೆದಿದೆ.