ಕೋರಸ್ ಸಾಲಿನಿಂದ ಮುಂದೆ ಎಲ್ಲಿಗೆ?

ಓದುಗರ ಪತ್ರ: "ನನಗೀಗ 39. ಹದಿನೇಳು ವರ್ಷಗಳಿಂದ ಮ್ಯೂಸಿಕಲ್ ನಾಟಕಗಳ ಕೋರಸ್‌ನಲ್ಲಿ, ಅಂದರೆ ಹಾಡು ಕುಣಿತದ ನಾಟಕಗಳ ಗುಂಪು ನರ್ತಕರ ಸಾಲಿನಲ್ಲಿ, ಕುಣಿಯುತ್ತಿದ್ದೇನೆ. ಹೆಸರಿರುವ ಪಾತ್ರ ಒಂದೂ ಸಿಕ್ಕಿಲ್ಲ. ಈಚಿನ ಆಡಿಷನ್‌ಗಳಲ್ಲಿ ಮೊದಲ ಸುತ್ತಿಗೇ ಕೈಬಿಡುತ್ತಿದ್ದಾರೆ. ಪ್ರದರ್ಶನ ಮುಗಿಸಿ ಬಂದ ರಾತ್ರಿ ಬಲ ಮಂಡಿ ಊದಿಕೊಳ್ಳುತ್ತದೆ. ಇನ್ನೆಷ್ಟು ವರ್ಷ ಕುಣಿಯಬಹುದು, ಆಮೇಲೆ ನನಗೆ ಏನಿದೆ ಎಂದು ಕೇಳಿದರೆ ಎಲ್ಲರೂ ಸಮಾಧಾನದ ಮಾತು ಆಡುತ್ತಾರೆ. ನೀವಾದರೂ ನೇರವಾಗಿ ಹೇಳಿ. ಈಗಿನ ತಂಡದವರು ಮುಂದಿನ ಪ್ರವಾಸಕ್ಕೆ ಡ್ಯಾನ್ಸ್ ಕ್ಯಾಪ್ಟನ್ (ತಂಡದ ಕುಣಿತ ನೋಡಿಕೊಳ್ಳುವವಳು) ಆಗು ಎನ್ನುತ್ತಿದ್ದಾರೆ. ಅದು ನನ್ನನ್ನು ನಯವಾಗಿ ಪಕ್ಕಕ್ಕೆ ಸರಿಸುವ ದಾರಿ ಅನ್ನಿಸುತ್ತಿದೆ. ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ನಮಸ್ಕಾರ.

ನೇರವಾಗಿಯೇ ಹೇಳುತ್ತೇನೆ. ಕೋರಸ್‌ನಲ್ಲಿ ವಾರಕ್ಕೆ ಎಂಟು ಪ್ರದರ್ಶನ ಕುಣಿಯುವ ನರ್ತಕಿಯಾಗಿ ನಿಮಗೆ ಉಳಿದಿರುವ ಕಾಲ ಕಡಿಮೆ. ಮಂಡಿ ಚೆನ್ನಾಗಿದ್ದರೂ ಕಡಿಮೆಯೇ, ಏಕೆಂದರೆ ನಿಮ್ಮನ್ನು ಆರಿಸುವವರು ನೋಡುವುದು ಮಂಡಿಯನ್ನು ಮಾತ್ರವಲ್ಲ. ಆದರೆ ಪತ್ರದಲ್ಲಿ ನೀವು ಎರಡು ಬೇರೆ ಪ್ರಶ್ನೆಗಳನ್ನು ಕೂಡಿಸಿಬಿಟ್ಟಿದ್ದೀರಿ. ಕೋರಸ್‌ನಲ್ಲಿ ಎಷ್ಟು ದಿನ ಎನ್ನುವುದು ಒಂದು. ಮ್ಯೂಸಿಕಲ್ ರಂಗಭೂಮಿಯಲ್ಲಿ ಎಷ್ಟು ದಿನ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕಹಿಯಾಗಿದೆ. ಎರಡನೆಯದು ನೀವು ಈ ಒಂದೆರಡು ವರ್ಷದಲ್ಲಿ ಏನು ಮಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಮೊದಲು ದೇಹದ ಮಾತು. ಮೂವತ್ತೈದು ದಾಟಿದ ನರ್ತಕರು ಮೊದಲು ಕಳೆದುಕೊಳ್ಳುವುದು ಸ್ಫೋಟಕ ಶಕ್ತಿಯನ್ನು. ಎತ್ತರದ ಜಿಗಿತ, ನಿಂತಲ್ಲಿಂದ ಥಟ್ಟನೆ ಚಿಮ್ಮುವುದು, ಕೆಳಗಿಳಿದ ಪೆಟ್ಟನ್ನು ನುಂಗಿ ಮತ್ತೆ ಮೇಲೇಳುವುದು, ಇವು ಕಷ್ಟವಾಗುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ತಂತುಗಳ ತಾಳಿಕೆ ಕುಗ್ಗುತ್ತದೆ. ಪೆಟ್ಟು ಮಾಯುವುದು ನಿಧಾನವಾಗುತ್ತದೆ. ಇಪ್ಪತ್ತೈದರಲ್ಲಿ ಒಂದು ರಾತ್ರಿ ನಿದ್ದೆಗೆ ಸರಿಹೋಗುತ್ತಿದ್ದ ನೋವು ಈಗ ಮೂರು ದಿನ ಕಾಡುತ್ತದೆ, ಅಷ್ಟರಲ್ಲಿ ಇನ್ನೂ ಮೂರು ಪ್ರದರ್ಶನ ಮುಗಿದಿರುತ್ತವೆ. ಹೋಗದೆ ಉಳಿಯುವುದು ಲಯ, ಕಾಲಪ್ರಜ್ಞೆ, ತೋಳು ಬೆನ್ನುಗಳ ಮಾತು, ಸಾಲಿನಲ್ಲಿ ಪಕ್ಕದವರನ್ನು ನೋಡದೆಯೇ ಅವರ ಜಾಗ ತಿಳಿಯುವುದು. ಇವೆಲ್ಲ ವರ್ಷ ಕಳೆದಂತೆ ಹರಿತವಾಗುತ್ತವೆ.

ಪ್ರತಿ ಪ್ರದರ್ಶನದ ನಂತರ ಊದಿಕೊಳ್ಳುವ ಮಂಡಿಯನ್ನು ಐಸ್ ಇಟ್ಟು ಮರೆಯಬೇಡಿ. ನರ್ತಕರನ್ನು ನೋಡಿ ರೂಢಿಯಿರುವ ಮೂಳೆತಜ್ಞರಿಗೆ ಈ ತಿಂಗಳೇ ತೋರಿಸಿ. ಇನ್ನೊಂದು ಮಾತು, ಇದನ್ನು ನೃತ್ಯದ ತರಗತಿಗಳಲ್ಲಿ ಹೇಳುವವರು ಕಡಿಮೆ: ದಿನವೂ ಕ್ಲಾಸ್ ಮಾಡುವುದರಿಂದ ಕೀಲಿಗೆ ಬೇಕಾದಷ್ಟು ಬಲ ಬರುವುದಿಲ್ಲ. ಭಾರ ಎತ್ತುವ ವ್ಯಾಯಾಮ ಬೇರೆಯಾಗಿಯೇ ಬೇಕು. ಊಟ ಕಡಿಮೆ ಮಾಡಿ ತೂಕ ಹಿಡಿದಿಟ್ಟುಕೊಳ್ಳುವ ಹಳೆಯ ಚಟ ನಿಮಗಿದ್ದರೆ ಇವತ್ತೇ ಬಿಡಿ. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಕುಣಿದವರ ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ, ನಲವತ್ತರ ಹೊತ್ತಿಗೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳಾಗಿ ಅದು ಎದುರು ಬರುತ್ತದೆ. ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮುಂದೆ ನೀವು ಯಾವ ದಾರಿ ಹಿಡಿದರೂ, ಕಲಿಸುವುದಕ್ಕೂ ತೋರಿಸುವುದಕ್ಕೂ ನಡೆದಾಡುವ ಕಾಲು ಬೇಕು.

ಇನ್ನು ಆಡಿಷನ್. ಮೊದಲ ಸುತ್ತಿನಲ್ಲೇ ಬಿಡುತ್ತಿದ್ದಾರೆ ಎಂದರೆ ನಿಮ್ಮ ಕುಣಿತ ಕೆಟ್ಟಿದೆ ಎಂದು ನೀವು ಓದಿಕೊಂಡಿದ್ದೀರಿ. ಹಾಗಿರಬೇಕಿಲ್ಲ. ಬಹುಪಾಲು ಮ್ಯೂಸಿಕಲ್‌ಗಳಲ್ಲಿ ಕೋರಸ್ ಎಂದರೆ ಶಾಲೆಯ ಹುಡುಗರು, ಹಡಗಿನ ನಾವಿಕರು, ಕ್ಲಬ್ಬಿನ ಹುಡುಗಿಯರು. ಬರೆದವರ ಕಣ್ಣಲ್ಲೇ ಅವರೆಲ್ಲ ಇಪ್ಪತ್ತರ ಆಸುಪಾಸಿನವರು. ಹೆಂಗಸರಿಗೆ ಈ ಗೆರೆ ಗಂಡಸರಿಗಿಂತ ಮೊದಲೇ ಬೀಳುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಾಟಕದಲ್ಲಿ ಬರುವ ಊರಿನಲ್ಲಿ ಎಲ್ಲ ವಯಸ್ಸಿನವರೂ ಇರುವಾಗ ಆ ಊರಿನ ಜಾತ್ರೆಯಲ್ಲಿ ಕುಣಿಯುವವರು ಮಾತ್ರ ಒಂದೇ ವಯಸ್ಸಿನವರಾಗಿರುವುದು ವಿಚಿತ್ರ. ಆದರೆ ಅದು ಬದಲಾಗಲಿ ಎಂದು ಕಾಯುತ್ತ ನೀವು ಕೂರಬಾರದು.

ಇದೇ ಸಂಕಟವನ್ನು ರಂಗದ ಮೇಲೆ ತಂದದ್ದು 1975ರಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಬಂದ 'ಎ ಕೋರಸ್ ಲೈನ್', ಕೋರಸ್‌ಗೆ ನಡೆಯುವ ಒಂದು ಆಡಿಷನ್ನಿನ ಕಥೆ. ಅದರ ಹಿಂದಿನ ವರ್ಷ ಅದರ ನಿರ್ದೇಶಕ, ನೃತ್ಯ ಸಂಯೋಜಕ ಮೈಕೆಲ್ ಬೆನೆಟ್ ಕೋರಸ್ ನರ್ತಕರನ್ನು ರಾತ್ರಿಯಿಡೀ ಕೂರಿಸಿಕೊಂಡು, ಅವರ ಬದುಕಿನ ಕಥೆಗಳನ್ನು ಟೇಪಿನಲ್ಲಿ ಹಿಡಿದರು. ನಾಟಕ ಹುಟ್ಟಿದ್ದು ಆ ಮಾತುಗಳಿಂದ. ಆಡಿಷನ್ ನಡುವೆ ಒಬ್ಬ ನರ್ತಕ ಮಂಡಿಗೆ ಪೆಟ್ಟು ಮಾಡಿಕೊಂಡು ಬೀಳುತ್ತಾನೆ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಉಳಿದವರ ಮುಂದೆ ನಿಲ್ಲುವ ಪ್ರಶ್ನೆ, ಕುಣಿಯಲಾಗದ ದಿನ ಬಂದಾಗ ಏನು ಮಾಡುತ್ತೀರಿ ಎನ್ನುವುದು. 6,137 ಪ್ರದರ್ಶನ ಕಂಡ ನಾಟಕ ಅದು. ಅಷ್ಟು ಸಲ ಕೇಳಿದರೂ ಆ ಪ್ರಶ್ನೆಗೆ ನಾಟಕದೊಳಗೆ ಪೂರ್ತಿ ಉತ್ತರವಿಲ್ಲ. ಅದನ್ನು ಆಡಿದವರ ಬದುಕಿನಲ್ಲಿ ಇದೆ, ಅಲ್ಲಿಗೆ ಬರುತ್ತೇನೆ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ವಯಸ್ಸಾದ ನರ್ತಕರಿಗೆ ಧೈರ್ಯ ಹೇಳುವವರೆಲ್ಲ ಬ್ರಾಡ್‌ವೇಯ ನಟಿ, ನರ್ತಕಿ ಚೀಟಾ ರಿವೇರಾ ಅವರ ಹೆಸರು ತೆಗೆಯುತ್ತಾರೆ. 1986ರ ಕಾರು ಅಪಘಾತದಲ್ಲಿ ಅವರ ಕಾಲಿನ ಮೂಳೆ ಹನ್ನೆರಡು ಕಡೆ ಮುರಿಯಿತು. ಅವರು ಮತ್ತೆ ರಂಗಕ್ಕೆ ಬಂದರು, 1993ರಲ್ಲಿ ಅರವತ್ತರ ವಯಸ್ಸಿನಲ್ಲಿ ಬ್ರಾಡ್‌ವೇಯ ಅತಿ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಪಡೆದರು, 2015ರಲ್ಲಿ ಎಂಬತ್ತೆರಡನೆಯ ವಯಸ್ಸಿನಲ್ಲಿ ಬ್ರಾಡ್‌ವೇಯ ಮುಖ್ಯ ಪಾತ್ರದಲ್ಲಿ ನಿಂತರು. ಕೈಮುಗಿಯಬೇಕಾದ ಬದುಕು. ಆದರೆ ಅಪಘಾತವಾಗುವ ಹೊತ್ತಿಗೆ ಅವರು ಮೂವತ್ತು ವರ್ಷದಿಂದ ತಾರೆಯಾಗಿದ್ದವರು. ಅವರಿಗಾಗಿ ಪಾತ್ರ ಕಾದಿರುತ್ತಿತ್ತು, ಅವರ ಕಾಲಿಗೆ ಹೊಂದುವಂತೆ ಹೆಜ್ಜೆ ಕಟ್ಟುವವರಿದ್ದರು. ಕೋರಸ್‌ನ ನರ್ತಕಿಗೆ ಯಾರೂ ಹೆಜ್ಜೆ ಬದಲಿಸುವುದಿಲ್ಲ, ನರ್ತಕಿಯನ್ನೇ ಬದಲಿಸುತ್ತಾರೆ. ಹಾಗಾಗಿ ತಾರೆಯರ ಕಥೆಯನ್ನು ಸ್ಫೂರ್ತಿಗೆ ಓದಿ, ಲೆಕ್ಕಾಚಾರಕ್ಕೆ ಬೇಡ.

ಆದರೂ ತಾರೆಯರಲ್ಲಿ ಒಬ್ಬರ ದಾರಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಟಿ, ನರ್ತಕಿ ಬೀಬಿ ನ್ಯೂವರ್ತ್ 'ಶಿಕಾಗೋ' ಮ್ಯೂಸಿಕಲ್‌ನ 1996ರ ಮರುಪ್ರಯೋಗದಲ್ಲಿ, ಅದರ ಇಬ್ಬರು ನಾಯಕಿಯರಲ್ಲಿ ಒಬ್ಬಳಾದ, ಮೈತುಂಬ ಕುಣಿತವಿರುವ ವೆಲ್ಮಾ ಆಗಿದ್ದರು. ಹತ್ತು ವರ್ಷದ ಮೇಲೆ ಅದೇ ನಾಟಕಕ್ಕೆ ಇನ್ನೊಬ್ಬ ನಾಯಕಿ ರಾಕ್ಸಿ ಆಗಿ ಬಂದರು. 2014ರಲ್ಲಿ ಜೈಲಿನ ಮೇಲ್ವಿಚಾರಕಿ ಮಾಮಾ ಮಾರ್ಟನ್ ಆದರು. ಆ ಪಾತ್ರ ನಿಂತಿರುವುದು ಕಂಠದ ಮೇಲೆ, ಗತ್ತಿನ ಮೇಲೆ. ನಡುವೆ ಅವರ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯೂ ಆಗಿತ್ತು. ನಾಟಕ ಒಂದೇ, ವಯಸ್ಸಿಗೆ ತಕ್ಕಂತೆ ಒಳಗಿನ ಜಾಗ ಬದಲಾಯಿತು.

ಇದರಿಂದ ನೀವು ತೆಗೆದುಕೊಳ್ಳಬೇಕಾದ್ದು ಹಾಡಿನ ವಿಷಯ. ನಿಮ್ಮ ಪತ್ರದಲ್ಲಿ ಹಾಡಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ನಲವತ್ತರ ಮೇಲಿನ ಹೆಂಗಸಿಗೆ ಮ್ಯೂಸಿಕಲ್‌ನಲ್ಲಿ ಇರುವ ಪಾತ್ರಗಳು, ತಾಯಿ, ಹೆಡ್‌ಮಿಸ್ಟ್ರೆಸ್, ಮನೆ ಮಾಲೀಕಳು, ಎಲ್ಲವೂ ಹಾಡುವ ಪಾತ್ರಗಳು. ಒಂದು ನಾಟಕಕ್ಕೆ ಅಂಥವು ಒಂದೋ ಎರಡೋ ಇರುತ್ತವೆ, ಅದಕ್ಕಾಗಿ ಕಾಯುತ್ತಿರುವ ನುರಿತ ಗಾಯಕಿಯರು ಬಹಳ. ನಿಮ್ಮ ಕೈಯಲ್ಲಿರುವ ಹೆಚ್ಚಿನ ಗುಣ, ಅದೇ ಪಾತ್ರ ನಾಲ್ಕು ಹೆಜ್ಜೆ ಹಾಕಬೇಕಾದಾಗ ನೀವು ಹಾಕಬಲ್ಲಿರಿ ಎನ್ನುವುದು. ನಲವತ್ತರ ಹೊತ್ತಿಗೆ ಹೆಣ್ಣಿನ ಕೆಳಸ್ವರಗಳು ತುಂಬಿಕೊಳ್ಳುತ್ತವೆ. ಒಳ್ಳೆಯ ಗುರುವನ್ನು ಹಿಡಿದು ಎರಡು ವರ್ಷ ಬಿಡದೆ ಕಲಿಯಿರಿ. ಈಗಿರುವ ತಂಡದಲ್ಲೇ ಹಿರಿಯ ಪಾತ್ರ ಒಂದಕ್ಕೆ ಅಂಡರ್‌ಸ್ಟಡಿ, ಅಂದರೆ ನಟಿ ಬಾರದ ದಿನ ಆ ಪಾತ್ರ ಆಡಲು ಕಲಿತಿರುವ ಬದಲಿ ನಟಿ, ಆಗಲು ಕೇಳಿ. ಮಾತಿನ ಅಭ್ಯಾಸವನ್ನೂ ಮರೆಯಬೇಡಿ. ಹದಿನೇಳು ವರ್ಷ ಗುಂಪಿನಲ್ಲಿದ್ದವರಿಗೆ ಒಬ್ಬರೇ ನಿಂತು ಒಂದು ಸಾಲು ಹೇಳುವುದು ನೆನೆಸಿದ್ದಕ್ಕಿಂತ ಕಷ್ಟ.

ಈಗ ಕೋರಸ್‌ನಿಂದಲೇ ಬಂದವರ ಮಾತು. 'ಎ ಕೋರಸ್ ಲೈನ್'ನ ಮೊದಲ ತಂಡದಲ್ಲಿ ಬೇಯಾರ್ಕ್ ಲೀ ಎಂಬವರಿದ್ದರು. ಕುಳ್ಳಗಿದ್ದಾಳೆ ಎಂದು ಜೀವನವಿಡೀ ಮಾತು ಕೇಳಿಸಿಕೊಳ್ಳುವ ಕಾನಿ ಎಂಬ ನರ್ತಕಿಯ ಪಾತ್ರ ಅವರದು. ಆ ನಾಟಕದ ಪ್ರತಿಯೊಂದು ಹೆಜ್ಜೆಯೂ ಅವರಿಗೆ ಬಾಯಿಪಾಠ, ಅಲ್ಲ, ಮೈಪಾಠ. ಬೆನೆಟ್ 1987ರಲ್ಲಿ ತೀರಿಕೊಂಡರು. 2006ರಲ್ಲಿ ನಾಟಕ ಬ್ರಾಡ್‌ವೇಗೆ ಮರಳಿದಾಗ ಮೂಲದ ನೃತ್ಯವನ್ನು ಮತ್ತೆ ರಂಗಕ್ಕೆ ತಂದವರು ಲೀ. ದಶಕಗಳಿಂದ ಅವರು ಅದನ್ನು ದೇಶದಿಂದ ದೇಶಕ್ಕೆ ಕೊಂಡೊಯ್ದು ಹೊಸ ತಂಡಗಳಿಗೆ ಕಲಿಸುತ್ತ ಬಂದಿದ್ದಾರೆ. ಕೇಸಿ ನಿಕೊಲಾ ಅವರದು ಇನ್ನೊಂದು ದಾರಿ. 1990ರ ದಶಕದಲ್ಲಿ ಬ್ರಾಡ್‌ವೇ ಕೋರಸ್‌ನಲ್ಲಿ ಕುಣಿದವರು. ನೃತ್ಯ ಸಂಯೋಜಕರಾಗಿ ಬ್ರಾಡ್‌ವೇಯಲ್ಲಿ ಅವರ ಮೊದಲ ಕೆಲಸ ಬಂದದ್ದು 2005ರಲ್ಲಿ, ನಲವತ್ತು ದಾಟಿದ ಮೇಲೆ. 2011ರಲ್ಲಿ ನಿರ್ದೇಶನಕ್ಕೆ ಟೋನಿ ಹಂಚಿಕೊಂಡರು. ನಿಕೊಲಾ ಅವರಂತೆ ಹೊಸ ಹೆಜ್ಜೆ ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಲೀ ಅವರ ದಾರಿಗೆ ಬೇಕಾದ್ದು ಬೇರೆ: ನೆನಪು, ಶಿಸ್ತು, ಇನ್ನೊಬ್ಬರ ಮೈಯಲ್ಲಿ ಹೆಜ್ಜೆ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಕಾಣುವ ಕಣ್ಣು. ಹದಿನೇಳು ವರ್ಷ ಕೋರಸ್‌ನಲ್ಲಿದ್ದ ನಿಮಗೆ ಇವು ಬಂದಿರಲೇಬೇಕು.

ಆದ್ದರಿಂದ ಡ್ಯಾನ್ಸ್ ಕ್ಯಾಪ್ಟನ್ ಕೆಲಸವನ್ನು ನೀವು ಪಕ್ಕಕ್ಕೆ ಸರಿಸುವುದು ಎಂದು ಓದಿಕೊಂಡದ್ದು ನನಗೆ ಬೇಸರ ತಂದಿದೆ. ನಾಟಕ ತೆರೆಕಂಡ ಮೇಲೆ ನೃತ್ಯ ಸಂಯೋಜಕರು ಬೇರೆ ಕೆಲಸಕ್ಕೆ ಹೊರಟುಹೋಗುತ್ತಾರೆ. ಆಮೇಲೆ ಅವರ ಕೆಲಸವನ್ನು ಕಾಯುವುದು ಡ್ಯಾನ್ಸ್ ಕ್ಯಾಪ್ಟನ್. ರಂಗದ ಮುಂಚೂಣಿಯಲ್ಲಿ ನರ್ತಕರ ಜಾಗ ಗುರುತಿಸಲು ನಡುವಿನ ಸೊನ್ನೆಯಿಂದ ಎರಡೂ ಕಡೆಗೆ ಬರೆದಿರುವ ಅಂಕಿಗಳು ನಿಮಗೆ ಗೊತ್ತೇ ಇವೆ. ಯಾರು ಯಾವ ತಾಳಕ್ಕೆ ಯಾವ ಅಂಕಿಯ ಮೇಲಿರಬೇಕು, ಯಾರು ಯಾರ ಹಿಂದಿನಿಂದ ದಾಟಬೇಕು ಎನ್ನುವುದೆಲ್ಲ ಕ್ಯಾಪ್ಟನ್ ಪುಸ್ತಕದಲ್ಲಿರುತ್ತದೆ. ಹೊಸಬರು ಬಂದರೆ ಕಲಿಸುವುದು, ಸಂಜೆ ಇಬ್ಬರಿಗೆ ಜ್ವರ ಬಂದರೆ ಹದಿನಾರು ಜನರ ಕುಣಿತವನ್ನು ಹದಿನಾಲ್ಕು ಜನಕ್ಕೆ ಹೊಂದಿಸುವುದು, ಯಾರಾದರೂ ಬಾರದಿದ್ದಾಗ ಅವರ ಜಾಗಕ್ಕೆ ಇಳಿಯುವ ಬದಲಿ ನರ್ತಕರಾದ ಸ್ವಿಂಗ್‌ಗಳಿಗೆ ಐದಾರು ಜನರ ಜಾಗ ಹೇಳಿಕೊಡುವುದು ಎಲ್ಲ ಅದೇ ಕೈ. ಅಲ್ಲಿಂದ ಸಹಾಯಕ ನೃತ್ಯ ಸಂಯೋಜಕಿ, ಆಮೇಲೆ ಅಸೋಸಿಯೇಟ್, ಪ್ರವಾಸ ತಂಡದ ಜೊತೆಗೇ ಇದ್ದು ನಾಟಕವನ್ನು ನೋಡಿಕೊಳ್ಳುವ ರೆಸಿಡೆಂಟ್ ಡೈರೆಕ್ಟರ್ ಎಂದು ದಾರಿ ತೆರೆಯುತ್ತದೆ. ಈ ಕೆಲಸಗಳಿಗೆ ಸಾಮಾನ್ಯವಾಗಿ ಆಡಿಷನ್ ಇರುವುದಿಲ್ಲ. ನಿಮ್ಮ ಜೊತೆ ಕೋಣೆಯಲ್ಲಿ ಇದ್ದವರು ನಿಮ್ಮ ಹೆಸರು ಹೇಳಬೇಕು, ಅಷ್ಟೆ. ಅದಕ್ಕೇ ಹೇಳುತ್ತಿರುವುದು, ಕೋಣೆಯೊಳಗೆ ಇರುವಾಗಲೇ ಈ ಬದಲಾವಣೆ ಮಾಡಿಕೊಳ್ಳಿ. ಕುಣಿತ ಬಿಟ್ಟು ಎರಡು ವರ್ಷ ಮನೆಯಲ್ಲಿದ್ದು, ಆಮೇಲೆ ಸಹಾಯಕಿಯಾಗಿ ಬರುತ್ತೇನೆ ಎಂದರೆ ಕರೆಯುವವರು ವಿರಳ.

ರಂಗಭೂಮಿಯನ್ನೇ ಬಿಡುವ ಯೋಚನೆಯೂ ನಿಮಗಿರಬಹುದು. ಅದರಲ್ಲಿ ಸೋಲೇನೂ ಇಲ್ಲ. ನರ್ತಕರು ಬೇರೆ ಕೆಲಸಕ್ಕೆ ಹೋಗಲು ನೆರವಾಗುವ ಸಂಸ್ಥೆಗಳೇ ಇವೆ. ನ್ಯೂಯಾರ್ಕ್‌ನಲ್ಲಿ 1985ರಲ್ಲಿ ಇಂಥದೊಂದು ಶುರುವಾಗಿ, ಈಗ ಕಲಾವಿದರಿಗೆ ನೆರವಾಗುವ ಎಂಟರ್‌ಟೈನ್‌ಮೆಂಟ್ ಕಮ್ಯುನಿಟಿ ಫಂಡ್‌ನ ಭಾಗವಾಗಿದೆ. ಬ್ರಿಟನ್, ಕೆನಡಾ, ನೆದರ್ಲ್ಯಾಂಡ್ಸ್‌ಗಳಲ್ಲೂ ಇವೆ. ಓದಿಗೆ ಹಣ, ಸಲಹೆ, ಮನಸ್ಸಿಗೆ ಆಪ್ತಸಮಾಲೋಚನೆ ಇವು ಅವುಗಳ ಕೆಲಸ. ನರ್ತಕರು ಫಿಸಿಯೋಥೆರಪಿ, ಪಿಲಾಟೆಸ್, ರಂಗ ನಿರ್ವಹಣೆ, ಶಾಲಾ ಶಿಕ್ಷಣದ ಕಡೆ ಹೋಗಿದ್ದಾರೆ, ನೃತ್ಯಕ್ಕೆ ಸಂಬಂಧವೇ ಇಲ್ಲದ ಕಡೆಗೂ. ಆದರೆ ನಿಮ್ಮ ಪತ್ರದ ತುಂಬ ರಂಗದ ವಿಷಯವೇ ಇದೆ. ಬಿಡಲು ಮನಸ್ಸಿರುವವರ ಪತ್ರ ಹಾಗಿರುವುದಿಲ್ಲ ಎಂದು ನನ್ನ ಅನಿಸಿಕೆ. ತಪ್ಪಿದ್ದರೆ ಬರೆಯಿರಿ.

ಕ್ಯಾಪ್ಟನ್ ಕೆಲಸ ಒಪ್ಪುವ ಮುನ್ನ ನಾಲ್ಕು ಮಾತು ಇತ್ಯರ್ಥ ಮಾಡಿಕೊಳ್ಳಿ. ನರ್ತಕಿಯ ಸಂಬಳದ ಮೇಲೆ ಕ್ಯಾಪ್ಟನ್‌ಗೆ ಪ್ರತ್ಯೇಕ ಹಣ ಇರಬೇಕು. ನಟರ ಸಂಘಗಳ ಒಪ್ಪಂದ ಇರುವ ಕಡೆ ಅದು ರೂಢಿ, ಇಲ್ಲದ ಕಡೆ ಕೇಳಿ ಪಡೆಯಬೇಕು. ಹಗಲಿನ ತಾಲೀಮಿಗೂ ಸ್ವಿಂಗ್‌ಗಳಿಗೆ ಕಲಿಸುವ ಗಂಟೆಗಳಿಗೂ ಲೆಕ್ಕ ಇರಬೇಕು. ನಾಟಕದ ಕಾರ್ಯಕ್ರಮ ಪತ್ರಿಕೆಯಲ್ಲಿ ಆ ಹುದ್ದೆಯೊಂದಿಗೆ ನಿಮ್ಮ ಹೆಸರು ಅಚ್ಚಾಗಬೇಕು, ಮುಂದಿನ ಕೆಲಸಕ್ಕೆ ಅದೇ ಸಾಕ್ಷಿ. ಕೊನೆಯದು ಎಲ್ಲಕ್ಕಿಂತ ಮುಖ್ಯ: ವಾರಕ್ಕೆ ಒಂದಾದರೂ ಪ್ರದರ್ಶನದಲ್ಲಿ ನಿಮ್ಮ ಜಾಗಕ್ಕೆ ಸ್ವಿಂಗ್ ಒಬ್ಬರನ್ನು ಇಳಿಸಿ, ನಿಮ್ಮನ್ನು ಪ್ರೇಕ್ಷಕರ ನಡುವೆ ಕೂರಲು ಬಿಡಬೇಕು. ಸಾಲಿನೊಳಗೆ ನಿಂತವರಿಗೆ ಸಾಲು ಕಾಣುವುದಿಲ್ಲ, ಹೊರಗಿನಿಂದ ನೋಡಿಯೇ ತಿದ್ದಬೇಕು. ಮಂಡಿಗೂ ಆ ಒಂದು ಸಂಜೆ ಬಿಡುವು ಸಿಗುತ್ತದೆ. ಇದಕ್ಕೆ ತಂಡದವರು ಒಪ್ಪದಿದ್ದರೆ, ಹಾಗಾದರೆ ಈ ಕೆಲಸ ಸರಿಯಾಗಿ ಮಾಡಲಾಗದು ಎಂದು ಅವರಿಗೆ ತಿಳಿಸಿ. ಒಪ್ಪಿದರೆ ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಸಂಪಾದಕ