‘ರಿಸಿಂಡ್’ ಮತ್ತು ‘ರಿವೋಕ್’

ಪ್ರಶ್ನೆ: ನಿವೇಶನವೊಂದರ ಕ್ರಯದ ಕರಾರಿಗೆ ಸಂಬಂಧಿಸಿ ನಮಗೆ ಬಂದ ವಕೀಲರ ನೋಟಿಸಿನಲ್ಲಿ, ಕರಾರನ್ನು ‘ರಿಸಿಂಡ್’ ಮಾಡಲಾಗಿದೆ, ಜಿಪಿಎಯನ್ನು (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ‘ರಿವೋಕ್’ ಮಾಡಲಾಗಿದೆ ಎಂದು ಬರೆದಿದ್ದಾರೆ. ಎರಡೂ ರದ್ದತಿಯೇ ಅಲ್ಲವೆ? ‘ರಿಸಿಂಡ್’ ಪದದ ಮೂಲವೇನು?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಎರಡಕ್ಕೂ ನಾವು ‘ರದ್ದು’ ಎಂದೇ ಹೇಳುತ್ತೇವಾದರೂ ಅವುಗಳ ಹುಟ್ಟು ಬೇರೆ, ಕಾನೂನಿನಲ್ಲಿ ಅವುಗಳಿಗಿರುವ ಕೆಲಸವೂ ಬೇರೆ. ‘ರಿಸಿಂಡ್’ ಬಂದಿರುವುದು ‘ಕತ್ತರಿಸು, ಸೀಳು’ ಎಂಬರ್ಥದ ಲ್ಯಾಟಿನ್ ಧಾತು ‘ಸ್ಕಿಂದೆರೆ’ಯಿಂದ. ಸಂಸ್ಕೃತದ ‘ಛಿದ್’ ಧಾತು ಇದರ ದಾಯಾದಿಯಾದ್ದರಿಂದ, ನಾವು ದಿನಬಳಕೆಯಲ್ಲಿ ಆಡುವ ‘ವಿಚ್ಛೇದನ’ಕ್ಕೂ ನಿಮ್ಮ ನೋಟಿಸಿನ ಈ ಪದಕ್ಕೂ ದೂರದ ನಂಟಿದೆ. (ಇಂಗ್ಲಿಷಿನ ‘ಸಿಸರ್ಸ್’ ಕೂಡ ಇದೇ ಕುಟುಂಬದ್ದೆಂದು ತೋರುತ್ತದೆ, ಆದರೆ ಅದರ ಮೂಲ ಬೇರೆ, ಈ ಧಾತುವಿನ ಪ್ರಭಾವದಿಂದ ಅದರ ಕಾಗುಣಿತ ಮಾತ್ರ ಬದಲಾಯಿತು.) ‘ರಿವೋಕ್’ ಎಂಬುದು ‘ಕರೆ’ ಎಂಬರ್ಥದ ‘ವೊಕಾರೆ’ಯಿಂದ ಬಂದದ್ದು, ಕೊಟ್ಟದ್ದನ್ನು ವಾಪಸು ಕರೆದುಕೊಳ್ಳುವುದು ಅದರ ಮೂಲಾರ್ಥ. ನಮ್ಮ ‘ವಾಕ್ಕು’ ಆ ಬಳಗಕ್ಕೆ ಸೇರಿದೆ.

ಈ ವ್ಯತ್ಯಾಸ ಬರಿಯ ನಿಘಂಟಿನದಲ್ಲ. ಕರಾರು ಇಬ್ಬರ ನಡುವಿನ ಕಟ್ಟಾದ್ದರಿಂದ ಅದನ್ನು ಕಡಿಯಬೇಕಾಗುತ್ತದೆ. ಜಿಪಿಎ ಒಬ್ಬರು ಮತ್ತೊಬ್ಬರಿಗೆ ಕೊಟ್ಟ ಅಧಿಕಾರವಾದ್ದರಿಂದ ಅದನ್ನು ಹಿಂಪಡೆಯಬೇಕಾಗುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 64ನೆಯ ಪ್ರಕರಣದ (ಸೆಕ್ಷನ್) ಪ್ರಕಾರ, ರದ್ದುಪಡಿಸಬಹುದಾದ (‘ವಾಯ್ಡಬಲ್’, ಅಂದರೆ ಒಂದು ಪಕ್ಷದ ಇಚ್ಛೆಯಂತೆ ರದ್ದಾಗಬಲ್ಲ) ಕರಾರನ್ನು ರಿಸಿಂಡ್ ಮಾಡಿದವರು ಅದರಡಿ ಎದುರು ಪಕ್ಷದಿಂದ ಪಡೆದ ಪ್ರಯೋಜನವನ್ನು, ಸಾಧ್ಯವಿರುವ ಮಟ್ಟಿಗೆ, ಹಿಂದಿರುಗಿಸಬೇಕು. ಆದ್ದರಿಂದ ನೀವು ಮುಂಗಡ ಕೊಟ್ಟಿದ್ದರೆ, ಕರಾರು ಆ ವರ್ಗಕ್ಕೆ ಸೇರುತ್ತದೆಯೇ, ಮುಂಗಡದ ಬಗ್ಗೆ ನೋಟಿಸು ಏನು ಹೇಳುತ್ತದೆ ಎಂಬುದನ್ನು ನಿಮ್ಮ ವಕೀಲರಿಂದ ಮೊದಲು ತಿಳಿದುಕೊಳ್ಳಿ. ಪದದ ವ್ಯುತ್ಪತ್ತಿ ಆಮೇಲೆ ನೋಡಿದರಾಯಿತು.

ಜಿಪಿಎಯ ಸಂಗತಿ ಹಾಗಲ್ಲ. ಅದೇ ಅಧಿನಿಯಮದ 208ನೆಯ ಪ್ರಕರಣದಂತೆ, ಅಧಿಕಾರ ಹಿಂಪಡೆದದ್ದು ಏಜೆಂಟರ (ಅಂದರೆ ಜಿಪಿಎ ಪಡೆದವರ) ಮಟ್ಟಿಗೆ ಅವರಿಗೆ ತಿಳಿದ ಮೇಲೆ, ಮೂರನೆಯವರ ಮಟ್ಟಿಗೆ ಅವರಿಗೆ ತಿಳಿದ ಮೇಲೆ ಮಾತ್ರ ಜಾರಿಗೆ ಬರುತ್ತದೆ. ಜಿಪಿಎ ರದ್ದಾಗಿದೆ, ಯಾರೂ ಇಂಥವರೊಡನೆ ವ್ಯವಹರಿಸಬಾರದು ಎಂಬ ‘ಸಾರ್ವಜನಿಕ ಪ್ರಕಟಣೆ’ಗಳನ್ನು ದಿನಪತ್ರಿಕೆಗಳಲ್ಲಿ ಹಾಕಿಸುವುದು ಇದೇ ಕಾರಣಕ್ಕೆ.